ಆಯಿಗೆ ಎಲ್ಲಾ ಗೊತ್ತಿತ್ತು: ‘ಏಲಿಯನ್: ಐಸೋಲೇಶನ್’ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಧಾರವಾಡದ ನಮ್ಮ ಹಳೇ ಮನೆ ಹಂಚಿನದು. ನಡುವೆ ಪಡಸಾಲೆ, ಮೇಲೆ ಅಟ್ಟ, ಹಿಂದೆ ಹಿತ್ತಲು. ಸೂಟಿ ಬಿಟ್ಟರೆ ಸಾಕು, ಹುಬ್ಬಳ್ಳಿ, ಗದಗ, ಹಾವೇರಿಯಿಂದ ಕಾಕಾನ ಮಕ್ಕಳು, ಅತ್ತಿ ಮಕ್ಕಳು ಬಂದು ಸೇರುತ್ತಿದ್ದರು. ಸಂಜೆಯಾದರೆ ಕಣ್ಣಾಮುಚ್ಚಾಲೆ. ನಾನು ಅಡಗುವ ಜಾಗ ಜೋಳದ ಚೀಲಗಳ ಹಿಂದೆ. ಅಲ್ಲಿ ಕತ್ತಲು, ಧೂಳು, ಉಸಿರು ಬಿಟ್ಟರೆ ಸೀನು ಬರುವ ಹಾಗಿತ್ತು.

ಆಯಿ, ಅಂದರೆ ನಮ್ಮ ಅಜ್ಜಿ, ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಯಾರು ಎಲ್ಲಿ ಅಡಗಿದ್ದಾರೆ ಅನ್ನೋದು ಅವಳಿಗೆ ಪೂರಾ ಗೊತ್ತು. ಆದರೆ ಹೇಳುತ್ತಿರಲಿಲ್ಲ. ಹುಡುಕುವವನು ದಿಕ್ಕು ತಪ್ಪಿ ಅಲೆದಾಡಿದರೆ ಮಾತ್ರ, “ಹಿತ್ತಲ ಕಡೆ ಹೋಗಿ ನೋಡಲೇ, ಅಲ್ಲೇನೋ ಸಪ್ಪಳ ಆತು” ಅನ್ನುತ್ತಿದ್ದಳು. ಅಷ್ಟೇ. ಚೀಲದ ಹಿಂದೆ ಅಂತ ಯಾವತ್ತೂ ಅಂದಿಲ್ಲ. ಅಡಗಿದ ಸಣ್ಣ ಹುಡುಗ ಇನ್ನೇನು ಅತ್ತೇ ಬಿಡುತ್ತಾನೆ ಅನಿಸಿದಾಗ ಹುಡುಕುವವನನ್ನೇ ಕರೆಯುತ್ತಿದ್ದಳು. “ಬಾ ಇಲ್ಲೆ, ಒಂದ್ಹಿಡಿ ಶೇಂಗಾ ತಿಂದು ಹೋಗು.” ಹೆಜ್ಜೆ ಸಪ್ಪಳ ದೂರ ಹೋಗುತ್ತಿತ್ತು. ನಮಗೆ ಉಸಿರು ಬರುತ್ತಿತ್ತು.

‘ಏಲಿಯನ್: ಐಸೋಲೇಶನ್’ ಎಂಬ ವಿಡಿಯೋ ಗೇಮ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಓದಿದ ದಿನ ನನಗೆ ಮೊದಲು ನೆನಪಾಗಿದ್ದು ಆಯಿ. ಈ ಗೇಮ್ ಒಳಗೂ ಒಬ್ಬ ಆಯಿ ಇದ್ದಾಳೆ. ಅದನ್ನು ಬಿಡಿಸಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ಈ ಗೇಮ್‌ನ ದೊಡ್ಡ ಶಕ್ತಿ, ದೊಡ್ಡ ದೋಷ ಎರಡೂ ಅಲ್ಲಿಂದಲೇ ಬರುತ್ತವೆ.

ಮೊದಲು ಗೇಮ್ ಏನು ಅಂತ ನೋಡೋಣ. ಇದು ಬಂದಿದ್ದು 2014ರ ಅಕ್ಟೋಬರ್‌ನಲ್ಲಿ. ಮಾಡಿದ್ದು ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ, ಹೊರತಂದಿದ್ದು ಸೆಗಾ. ಕ್ರಿಯೇಟಿವ್ ಅಸೆಂಬ್ಲಿಯವರು ಅಲ್ಲಿವರೆಗೆ ಹೆಸರು ಮಾಡಿದ್ದು ಸಾವಿರಾರು ಸೈನಿಕರನ್ನು ಮೇಲಿನಿಂದ ನೋಡಿ ಆಡಿಸುವ ‘ಟೋಟಲ್ ವಾರ್’ ಎಂಬ ಯುದ್ಧದ ಗೇಮ್‌ಗಳಿಂದ. ಅಂಥವರು ಒಬ್ಬಳೇ ಹೆಂಗಸು, ಒಂದೇ ಪ್ರಾಣಿ ಇರುವ ಗೇಮ್ ಮಾಡಿದರು.

ಕಥೆ 1979ರ ‘ಏಲಿಯನ್’ ಸಿನಿಮಾದ ಮುಂದುವರಿಕೆ. ಸಿನಿಮಾದ ನಾಯಕಿ ಎಲೆನ್ ರಿಪ್ಲಿ ಬಾಹ್ಯಾಕಾಶದಲ್ಲಿ ಕಾಣೆಯಾಗಿ 15 ವರ್ಷ ಆಗಿದೆ. ಗೇಮ್ ನಡೆಯುವುದು 2137ರಲ್ಲಿ. ಅವಳ ಮಗಳು ಅಮಾಂಡಾ ಒಬ್ಬ ಎಂಜಿನಿಯರ್. ತಾಯಿಯ ಹಡಗಿನ ರೆಕಾರ್ಡರ್ ಸೆವಾಸ್ಟೊಪೋಲ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಸಿಕ್ಕಿದೆ ಅಂತ ತಿಳಿದು ಅಲ್ಲಿಗೆ ಹೋಗುತ್ತಾಳೆ. ಮುಚ್ಚಿಹೋಗುತ್ತಿರುವ ನಿಲ್ದಾಣ ಅದು. ದೀಪ ಅರ್ಧ ಉರಿಯುತ್ತವೆ, ಜನ ಒಬ್ಬರನ್ನೊಬ್ಬರು ನಂಬುವುದಿಲ್ಲ. ಕತ್ತಲಲ್ಲಿ ಏಲಿಯನ್, ಅಂದರೆ ಬೇರೆ ಗ್ರಹದ ಆ ಪ್ರಾಣಿ, ಓಡಾಡುತ್ತಿದೆ. ಅದನ್ನು ಕೊಲ್ಲಲು ಆಗುವುದಿಲ್ಲ. ಕೈಯಲ್ಲಿ ಪಿಸ್ತೂಲು ಇರುತ್ತದೆ, ಆದರೆ ಗುಂಡು ಹೊಡೆದರೆ ಅದಕ್ಕೆ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ, ಅಷ್ಟೇ ಲಾಭ.

ಬಿಡುಗಡೆಯಾದಾಗ ವಿಮರ್ಶಕರಲ್ಲಿ ಒಮ್ಮತವೇ ಇರಲಿಲ್ಲ. ಪಿಸಿ ಗೇಮರ್ ಪತ್ರಿಕೆ 100ಕ್ಕೆ 93 ಕೊಟ್ಟಿತು. ಐಜಿಎನ್ ಎಂಬ ಗೇಮ್ ವೆಬ್‌ಸೈಟ್ 10ಕ್ಕೆ 5.9 ಕೊಟ್ಟಿತು. ಒಂದೇ ಗೇಮ್ ಒಬ್ಬರಿಗೆ ಹಬ್ಬದೂಟ, ಇನ್ನೊಬ್ಬರಿಗೆ ಬೇಸರ. ನಾನು ಎರಡು ಸಲ ಪೂರ್ತಿ ಆಡಿದ್ದೇನೆ. ಇಬ್ಬರ ಮಾತೂ ನಿಜ ಅನಿಸುತ್ತದೆ. ಅದು ಹೇಗೆ ಅಂತ ತಿಳಿಯಬೇಕಾದರೆ ಆಯಿಯ ಹತ್ತಿರ ವಾಪಸ್ ಬರಬೇಕು.

ಸಾಮಾನ್ಯವಾಗಿ ಹೆದರಿಸುವ ಗೇಮ್‌ಗಳಲ್ಲಿ ಎಲ್ಲವನ್ನೂ ಮೊದಲೇ ಬರೆದಿಟ್ಟಿರುತ್ತಾರೆ. ಈ ಬಾಗಿಲು ತೆಗೆದರೆ ದೆವ್ವ ಬರಬೇಕು, ಆ ಮೂಲೆ ದಾಟಿದರೆ ಗಾಜು ಒಡೆಯಬೇಕು. ಮೊದಲ ಸಲ ಎದೆ ಧಸಕ್ ಅನ್ನುತ್ತದೆ. ಸತ್ತು ಮತ್ತೆ ಅಲ್ಲಿಗೆ ಬಂದಾಗ ಅದೇ ಬಾಗಿಲು, ಅದೇ ದೆವ್ವ. ಮೂರನೇ ಸಲಕ್ಕೆ ಬಾಯಿಪಾಠ. ಎಲ್ಲಿ ಬರುತ್ತದೆ ಅಂತ ಗೊತ್ತಾದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು, ಅಲ್ವಾ?

ಇಲ್ಲಿ ಹಾಗಿಲ್ಲ. ಕೆಲವು ದೃಶ್ಯಗಳನ್ನು ಬಿಟ್ಟರೆ ಏಲಿಯನ್ ಎಲ್ಲಿ ಹೋಗಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಅದು ತಾನೇ ಹುಡುಕುತ್ತದೆ. ಇದಕ್ಕೆ ಎರಡು ಬೇರೆ ಬೇರೆ ಬುದ್ಧಿಗಳಿವೆ.

ಒಂದು ಬುದ್ಧಿ ಏಲಿಯನ್‌ನದೇ. ಅದಕ್ಕೆ ಕಣ್ಣಿದೆ, ಕಿವಿ ಇದೆ. ಎದುರಿಗೆ ಬಂದರೆ ತಕ್ಷಣ ಕಾಣುತ್ತದೆ, ಓರೆಯಲ್ಲಿ ಇದ್ದರೆ ಸ್ವಲ್ಪ ತಡವಾಗಿ. ಓಡಿದರೆ ಕೇಳಿಸುತ್ತದೆ, ಕುಕ್ಕರಗಾಲಲ್ಲಿ ಮೆಲ್ಲಗೆ ಸರಿದರೆ ಅಷ್ಟು ಕೇಳಿಸುವುದಿಲ್ಲ. ಸಪ್ಪಳ ಬಂದ ಕಡೆ ಬಂದು ನೋಡುತ್ತದೆ. ಆದರೆ ನೀವು ಎಲ್ಲಿದ್ದೀರಿ ಅನ್ನೋದು ಅದಕ್ಕೆ ಗೊತ್ತಿಲ್ಲ. ಹುಡುಕಿಯೇ ತಿಳಿಯಬೇಕು. ನಮ್ಮ ಕಣ್ಣಾಮುಚ್ಚಾಲೆಯ ಹುಡುಗನ ಹಾಗೆ.

ಇನ್ನೊಂದು ಬುದ್ಧಿಗೆ ಡೈರೆಕ್ಟರ್ ಅನ್ನುತ್ತಾರೆ. ಇದಕ್ಕೆ ನೀವೂ ಕಾಣುತ್ತೀರಿ, ಏಲಿಯನ್ನೂ ಕಾಣುತ್ತದೆ. ಇದೇ ಆಯಿ. ಏಲಿಯನ್ ತೀರಾ ದೂರ ಹೋದರೆ ಡೈರೆಕ್ಟರ್ ಒಂದು ಸುಳಿವು ಕೊಡುತ್ತದೆ: ಆ ಕಡೆ ಹೋಗಿ ನೋಡು. ಸರಿಯಾದ ಜಾಗ ಹೇಳುವುದಿಲ್ಲ, ಬರೀ ದಿಕ್ಕು. ಹೋಗಿ ಹುಡುಕುವ ಕೆಲಸ ಏಲಿಯನ್‌ದು. ಹಾಗಾಗಿ ಅದು ನಿಮ್ಮ ಸುತ್ತಮುತ್ತಲೇ ಇರುತ್ತದೆ, ಆದರೂ ಮೋಸ ಮಾಡಿ ಹಿಡಿದ ಹಾಗೆ ಅನಿಸುವುದಿಲ್ಲ.

ಶೇಂಗಾ ಕೊಟ್ಟು ಕರೆಯುವ ಕೆಲಸವೂ ಡೈರೆಕ್ಟರ್‌ದೇ. ಅದು ಒಳಗೊಳಗೇ ನಿಮ್ಮ ಹೆದರಿಕೆಯ ಲೆಕ್ಕ ಇಡುತ್ತದೆ. ಏಲಿಯನ್ ನಿಮ್ಮ ಹತ್ತಿರ ಎಷ್ಟು ಹೊತ್ತು ಇದೆ, ನಿಮ್ಮ ಕಣ್ಣಿಗೆ ಕಾಣುತ್ತಿದೆಯಾ, ಅದರ ಓಡಾಟ ಹಿಡಿಯುವ ಕೈಯಲ್ಲಿನ ಯಂತ್ರದಲ್ಲಿ ತೋರಿಸುತ್ತಿದೆಯಾ ಅಂತ ನೋಡಿ ಒಂದು ಕೊಡ ತುಂಬಿದ ಹಾಗೆ ತುಂಬುತ್ತಾ ಹೋಗುತ್ತದೆ. ಕೊಡ ತುಂಬಿದರೆ ಏಲಿಯನ್‌ಗೆ ವಾಪಸ್ ಬಾ ಅನ್ನುತ್ತದೆ. ಅದು ಮಾಡಿನ ಗಾಳಿಕೊಳವೆ ಹತ್ತಿ ಮಾಯವಾಗುತ್ತದೆ. ಗೇಮ್ ಮಾಡಿದವರು ಇದನ್ನು ರಂಗದ ಮೇಲೆ, ರಂಗದ ಹಿಂದೆ ಅಂತಲೇ ಕರೆಯುತ್ತಾರೆ. ನಮ್ಮ ಗದಗ ಕಡೆ ಕಂಪನಿ ನಾಟಕ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಖಳನಾಯಕ ಪರದೆ ಹಿಂದೆ ಹೋದ ಅಂದರೆ ಮನೆಗೆ ಹೋದ ಅಂತ ಅಲ್ಲ. ಯಾವ ಕಡೆಯಿಂದ ಬರುತ್ತಾನೋ ಅಂತ ನೋಡುತ್ತಾ ಕೂರುತ್ತೇವೆ. ಇಲ್ಲೂ ತಲೆ ಮೇಲೆ ಲೋಹದ ಕೊಳವೆಯಲ್ಲಿ ದಡದಡ ಸಪ್ಪಳ ಕೇಳಿಸುತ್ತಲೇ ಇರುತ್ತದೆ. ಕೆಲವು ಕಿಂಡಿಗಳಿಂದ ಜೊಲ್ಲು ಹನಿಯುತ್ತದೆ. ಅದನ್ನು ನೋಡದೆ ಕೆಳಗೆ ಹೋದಿರೋ, ಮುಗೀತು.

ಮತ್ತೊಂದು ವಿಷಯ. ಏಲಿಯನ್ ಕಲಿಯುತ್ತದೆ ಅಂತ ಜನ ಹೇಳುತ್ತಾರೆ. ಬೀರುಗಳಲ್ಲೇ ಪದೇ ಪದೇ ಅಡಗಿದರೆ ಬೀರುಗಳನ್ನು ಜಾಸ್ತಿ ನೋಡಲು ಶುರು ಮಾಡುತ್ತದೆ. ಗೇಮ್‌ನ ನಡುವೆ ಬೆಂಕಿ ಉಗುಳುವ ಆಯುಧ ಸಿಗುತ್ತದೆ. ಮೊದಲ ಸಲ ಬೆಂಕಿ ಕಂಡರೆ ಏಲಿಯನ್ ಓಟ ಕೀಳುತ್ತದೆ. ಆಮೇಲಾಮೇಲೆ ಧೈರ್ಯ ಬರುತ್ತದೆ, ಓಡಿಸಲು ಜಾಸ್ತಿ ಬೆಂಕಿ ಬೇಕಾಗುತ್ತದೆ. ಆದರೆ ಇದು ಇವತ್ತು ಎಲ್ಲರ ಬಾಯಲ್ಲಿರುವ ಎಐ ತರಹದ ಕಲಿಕೆ ಅಲ್ಲ. ಒಳಗೆ ಇರುವುದು ಬಿಹೇವಿಯರ್ ಟ್ರೀ ಎಂಬ ಪದ್ಧತಿ. ಹೆಸರಿನ ಹಾಗೇ ಮರ. ಪ್ರತಿ ಕೊಂಬೆಯೂ ಒಂದು ನಡವಳಿಕೆ: ಇಂಥದ್ದು ಕಂಡರೆ ಹೀಗೆ ಮಾಡು. ಕೆಲವು ಕೊಂಬೆಗಳಿಗೆ ಮೊದಲು ಬೀಗ ಹಾಕಿರುತ್ತಾರೆ. ನೀವು ಆಡುವ ರೀತಿ ನೋಡಿ, ಕಥೆ ಮುಂದೆ ಹೋದ ಹಾಗೆ, ಒಂದೊಂದೇ ಬೀಗ ತೆಗೆಯುತ್ತದೆ. ಗೊತ್ತಿದ್ದ ಪಾಠವನ್ನೇ ತಡವಾಗಿ ಒಪ್ಪಿಸುತ್ತದೆ ಅನ್ನಿ. ಆಡುವವರಿಗೆ ಮಾತ್ರ ಅದು ತಮ್ಮನ್ನು ಓದಿಕೊಳ್ಳುತ್ತಿದೆ ಅಂತಲೇ ಅನಿಸುತ್ತದೆ. ನನಗೂ ಹಾಗೇ ಅನಿಸಿತು. ಒಂದೇ ಮೇಜಿನ ಕೆಳಗೆ ಮೂರು ಸಲ ಅಡಗಿ ಉಳಿದ ಮೇಲೆ, ನಾಲ್ಕನೇ ಸಲ ಅದು ಬಗ್ಗಿ ನೋಡಿತು. ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ.

ಇನ್ನು ಸಪ್ಪಳದ ಮಾತು. ಈ ಗೇಮ್‌ಗೆ 2015ರಲ್ಲಿ ಧ್ವನಿಗಾಗಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಬರಲೇಬೇಕಿತ್ತು. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಕೊಳವೆಯೊಳಗೆ ಹೋಗುತ್ತಿದೆಯಾ, ನೆಲಕ್ಕೆ ಇಳಿಯಿತಾ, ನಡೆಯುತ್ತಿದೆಯಾ, ಓಡುತ್ತಿದೆಯಾ, ಎಲ್ಲವೂ ಹೆಜ್ಜೆಯಿಂದಲೇ ತಿಳಿಯಬೇಕು. ಕೈಯಲ್ಲಿ ಮೋಷನ್ ಟ್ರ್ಯಾಕರ್ ಎಂಬ ಯಂತ್ರ ಇರುತ್ತದೆ. ಹಸಿರು ಪರದೆ ಮೇಲೆ ಒಂದು ಚುಕ್ಕೆ, ಹತ್ತಿರ ಬಂದಂತೆ ಬೀಪ್ ಬೀಪ್. ಅದನ್ನು ಎತ್ತಿ ಹಿಡಿದು ನೋಡಿದರೆ ಎದುರಿನ ಕೋಣೆ ಮಸುಕಾಗುತ್ತದೆ. ಕೋಣೆ ನೋಡಿದರೆ ಚುಕ್ಕೆ ಮಸುಕು. ಎರಡನ್ನೂ ಒಟ್ಟಿಗೆ ನೋಡಲು ಬಿಡುವುದಿಲ್ಲ. ಇಷ್ಟು ಸಣ್ಣ ವಿಷಯದಲ್ಲಿ ಇಷ್ಟು ಹೆದರಿಕೆ ತುಂಬಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ ಗೇಮ್ ಆಡುವ ಯಂತ್ರಗಳಲ್ಲಿ ಇನ್ನೂ ಒಂದು ಸೌಲಭ್ಯ ಇದೆ. ಕ್ಯಾಮೆರಾದ ಮೈಕ್ ಆನ್ ಇಟ್ಟರೆ ನಿಮ್ಮ ಕೋಣೆಯ ಸಪ್ಪಳವೂ ಏಲಿಯನ್‌ಗೆ ಕೇಳುತ್ತದೆ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ನಿಮ್ಮ ಕಥೆ ಅಷ್ಟೇ.

ನಿಲ್ದಾಣದ ಚಂದದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. 2137 ಅಂದರೂ ಅಲ್ಲಿ ಟಚ್ ಸ್ಕ್ರೀನ್ ಇಲ್ಲ. ಡಬ್ಬಿಯಂಥ ಮಾನಿಟರ್, ದಪ್ಪ ಗುಂಡಿಗಳು, ಟೇಪು. 1979ರ ಜನ ಊಹಿಸಿದ ಭವಿಷ್ಯ ಹೇಗಿತ್ತೋ ಹಾಗೇ ಕಟ್ಟಿದ್ದಾರೆ. ಪರದೆ ಮೇಲಿನ ವಿಡಿಯೋಗಳು ಹಳೇದರಂತೆ ಕಾಣಲಿ ಅಂತ ನಿಜವಾಗಿಯೂ ಅವನ್ನು ವಿಎಚ್‌ಎಸ್ ಕ್ಯಾಸೆಟ್ಟಿಗೆ ಹಾಕಿ, ಟೇಪ್ ಕೆಡಿಸಿ, ಮತ್ತೆ ಗೇಮ್‌ಗೆ ತಂದರು. ವಿಸಿಆರ್ ಬಾಡಿಗೆ ತಂದು ಓಣಿಯವರೆಲ್ಲ ಕೂತು ಸಿನಿಮಾ ನೋಡಿದ ಕಾಲ ಕಂಡವರಿಗೆ ಆ ಅಲುಗುವ ಗೆರೆಗಳ ಗುರುತು ಸಿಗುತ್ತದೆ.

ಈಗ ತೊಂದರೆಗಳಿಗೆ ಬರೋಣ. ಶುರು ಮಾಡುವುದು ಸೇವ್ ಮಾಡುವ, ಅಂದರೆ ಅಲ್ಲಿವರೆಗೆ ಆಡಿದ್ದನ್ನು ಉಳಿಸಿಕೊಳ್ಳುವ ಪದ್ಧತಿಯಿಂದ. ಇದನ್ನು ಗುಣದ ಪಟ್ಟಿಗೆ ಸೇರಿಸಬೇಕೋ ದೋಷಕ್ಕೋ ಅಂತ ನನಗೆ ಬಹಳ ದಿನ ತಿಳಿಯಲಿಲ್ಲ.

ಬೇಕಾದಾಗ ಬೇಕಾದಲ್ಲಿ ಇಲ್ಲಿ ಸೇವ್ ಮಾಡಲು ಆಗುವುದಿಲ್ಲ. ಗೋಡೆ ಮೇಲೆ ಅಲ್ಲಲ್ಲಿ ತುರ್ತು ಫೋನ್ ಪೆಟ್ಟಿಗೆಗಳಿರುತ್ತವೆ. ಹಳೇ ಎಸ್‌ಟಿಡಿ ಬೂತ್ ನೆನಪಾಗುತ್ತದೆ. ಅದರೊಳಗೆ ಕಾರ್ಡ್ ತೂರಿಸಬೇಕು. ಮೂರು ದೀಪ ಒಂದಾದ ಮೇಲೊಂದು ಹತ್ತಬೇಕು. ಆಮೇಲೆ ಸೇವ್. ಆ ಕೆಲವು ಸೆಕೆಂಡು ಗೇಮ್ ನಿಲ್ಲುವುದಿಲ್ಲ. ಬೆನ್ನ ಹಿಂದೆ ಏಲಿಯನ್ ಬರಬಹುದು, ಬಂದು ಕೊಲ್ಲಲೂಬಹುದು. 1996ರ ‘ರೆಸಿಡೆಂಟ್ ಈವಿಲ್’ನಲ್ಲೂ ಟೈಪ್‌ರೈಟರ್ ಸಿಕ್ಕರೆ ಮಾತ್ರ ಸೇವ್ ಆಗುತ್ತಿತ್ತು. ಆದರೆ ಟೈಪ್‌ರೈಟರ್ ಇದ್ದ ಕೋಣೆ ಸುರಕ್ಷಿತ. ಇಲ್ಲಿ ಅಂಥ ಕೋಣೆಯೇ ಇಲ್ಲ.

ಇದರಿಂದ ಪ್ರತಿ ಹೆಜ್ಜೆಗೂ ಬೆಲೆ ಬರುತ್ತದೆ. ಸತ್ತರೆ ಅರ್ಧ ಗಂಟೆಯ ಶ್ರಮ ಹೋಗುತ್ತದೆ ಅನ್ನುವ ಭಯ ನಿಜವಾದದ್ದು. ನಾನು ಮೊದಲ ಸಲ ಆಡಿದ್ದು ಜುಲೈ ತಿಂಗಳಲ್ಲಿ. ಧಾರವಾಡದ ಜಿಟಿಜಿಟಿ ಮಳೆ, ರಾತ್ರಿ ಹನ್ನೊಂದರ ಮೇಲೆ. ಗೇಮ್‌ನ ಐದನೇ ಅಧ್ಯಾಯ, ನಿಲ್ದಾಣದ ಆಸ್ಪತ್ರೆ. ಏಲಿಯನ್ ಮೊದಲ ಬಾರಿ ನಿಮ್ಮ ಬೆನ್ನು ಬಿಡದೆ ಹುಡುಕುವುದು ಅಲ್ಲೇ. ನಲವತ್ತು ನಿಮಿಷ ಮೇಜಿನಿಂದ ಮೇಜಿಗೆ ಸರಿದು ಫೋನ್ ಪೆಟ್ಟಿಗೆ ಮುಟ್ಟಿದೆ. ಕಾರ್ಡ್ ಹಾಕಿದೆ. ಒಂದು ದೀಪ ಹತ್ತಿತು. ಎರಡನೆಯದೂ ಹತ್ತಿತು. ಆಗ ಮನೆಯ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಗಿತ್ತು. ಕತ್ತಲಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಾ ಸುಮ್ನೆ ಕೂತಿದ್ದೆ. ಅಳು ಬರುವ ಹಾಗಾಗಿತ್ತು.

ಮರುದಿನ ಮತ್ತೆ ಅದೇ ಆಸ್ಪತ್ರೆ. ಆಗಲೇ ನನಗೆ ವಿಷಯ ಅರ್ಥವಾಗಿದ್ದು. ದಾರಿ ಗೊತ್ತಿತ್ತು, ಏಲಿಯನ್ ಗೊತ್ತಿರಲಿಲ್ಲ. ಹಿಂದಿನ ರಾತ್ರಿ ಎಡಗಡೆಯಿಂದ ಬಂದಿದ್ದು ಈಗ ಎಲ್ಲಿಂದಲೋ ಬಂತು. ಎರಡನೇ ಸಲವೂ ಹೆದರಿಕೆ ಅಷ್ಟೇ ಇತ್ತು. ಆದರೆ ಅದೇ ಜಾಗದಲ್ಲಿ ಐದನೇ ಸಲ, ಆರನೇ ಸಲ ಸತ್ತಾಗ ಹೆದರಿಕೆ ಹೋಗಿ ಸಿಟ್ಟು ಬಂತು. ಅದೇ ಡ್ರಾಯರ್ ತೆಗೆಯಬೇಕು, ಅದೇ ಲಾಕ್ ಬಿಚ್ಚಬೇಕು, ಅದೇ ಕಾಗದ ಓದಬೇಕು. ಏಲಿಯನ್ ಪ್ರತಿ ಸಲ ಹೊಸದು, ಉಳಿದ ಕೆಲಸ ಪ್ರತಿ ಸಲ ಹಳೇದು. ಕಡಿಮೆ ಅಂಕ ಕೊಟ್ಟವರ ಬೇಸರ ನನಗೆ ಅರ್ಥವಾಗಿದ್ದು ಈ ಜಾಗದಲ್ಲಿ.

ಇಲ್ಲೇ ಆಯಿಯ ಮಿತಿಯೂ ಕಾಣುತ್ತದೆ. ನಮ್ಮ ಆಯಿ ಮುಖ ನೋಡಿ ತಿಳಿಯುತ್ತಿದ್ದಳು. ಡೈರೆಕ್ಟರ್‌ಗೆ ಮುಖ ಕಾಣುವುದಿಲ್ಲ, ಬರೀ ಲೆಕ್ಕ. ಹೆದರಿಕೆಯ ಲೆಕ್ಕ ಇಡುತ್ತದೆ, ಬೇಸರದ ಲೆಕ್ಕ ಇಡುವುದಿಲ್ಲ. ಹಾಗಾಗಿ ಕೆಲವು ಸಲ ಏಲಿಯನ್ ನೀವಿರುವ ಕೋಣೆಯ ಸುತ್ತ ಸುತ್ತುತ್ತಲೇ ಇರುತ್ತದೆ. ನೀವು ಬೀರುವಿನೊಳಗೆ ಕೂತೇ ಇರುತ್ತೀರಿ. ಮೊದಲ ನಿಮಿಷ ಎದೆ ಬಡಿತ. ನಾಲ್ಕನೇ ನಿಮಿಷಕ್ಕೆ ಗಡಿಯಾರ ನೋಡುತ್ತೀರಿ. ಬರೆದಿಟ್ಟ ದೃಶ್ಯವಾದರೆ ಎಷ್ಟು ಹೊತ್ತು ಕಾಯಿಸಬೇಕು ಅಂತ ಮಾಡಿದವರ ಕೈಯಲ್ಲಿರುತ್ತದೆ. ಇಲ್ಲಿ ಆ ಹಿಡಿತವನ್ನು ಅವರೇ ಬಿಟ್ಟುಕೊಟ್ಟಿದ್ದಾರೆ. ಬಿಟ್ಟುಕೊಟ್ಟಿದ್ದಕ್ಕೇ ಅಷ್ಟು ಹೆದರಿಕೆ ಹುಟ್ಟಿತು. ಅದರ ಬೆಲೆ ಈ ಕಾಯುವಿಕೆ.

ಎರಡನೇ ತೊಂದರೆ ಉದ್ದ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಒಟ್ಟು 18 ಅಧ್ಯಾಯ, ಮುಗಿಸಲು ಹತ್ತಿರ ಹತ್ತಿರ 20 ತಾಸು ಬೇಕು. ಭಯ ಅನ್ನೋದು ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ ಇದ್ದ ಹಾಗೆ. ರೊಟ್ಟಿಗೆ ಹಚ್ಚಿ ತಿಂದರೆ ರುಚಿ, ಮುಷ್ಟಿಗಟ್ಟಲೆ ತಿಂದರೆ ನಾಲಿಗೆ ಜಡ್ಡುಗಟ್ಟುತ್ತದೆ. ಹತ್ತನೇ ಅಧ್ಯಾಯದ ಹೊತ್ತಿಗೆ ಕಥೆ ಮುಗಿಯಿತು ಅನಿಸುವ ಒಂದು ಘಟ್ಟ ಬರುತ್ತದೆ. ನಾನು ಅಲ್ಲಿ ಎದ್ದು ಚಹಾ ಮಾಡಿಕೊಂಡು ಬಂದೆ. ವಾಪಸ್ ಬಂದು ನೋಡಿದರೆ ಇನ್ನೂ ಬೇಕಾದಷ್ಟು ಬಾಕಿ ಇತ್ತು.

ಆಮೇಲೆ ಸ್ವಲ್ಪ ಹೊತ್ತು ಏಲಿಯನ್ನೇ ಇರುವುದಿಲ್ಲ. ಅದರ ಜಾಗಕ್ಕೆ ವರ್ಕಿಂಗ್ ಜೋ ಎಂಬ ಯಂತ್ರಮಾನವರು ಬರುತ್ತಾರೆ. ಬಿಳಿ ರಬ್ಬರ್ ಮುಖ, ಹೊಳೆಯುವ ಕಣ್ಣು, ಮೆತ್ತಗಿನ ದನಿ. ಅವರು ಓಡುವುದಿಲ್ಲ, ಅವಸರ ಮಾಡುವುದಿಲ್ಲ. ನಡೆದುಕೊಂಡು ಬಂದು ಕುತ್ತಿಗೆ ಹಿಡಿಯುತ್ತಾರೆ. ಮೊದಲ ಬಾರಿ ನೋಡಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಅವರನ್ನು ಬಾಯಿಪಾಠ ಮಾಡಬಹುದು. ಯಾವ ದಾರಿಯಲ್ಲಿ ಬರುತ್ತಾರೆ, ಹೇಗೆ ತಪ್ಪಿಸಿಕೊಳ್ಳಬೇಕು ಅಂತ ಬೇಗ ತಿಳಿದುಬಿಡುತ್ತದೆ. ಬಾಯಿಪಾಠವಾದ ಕೂಡಲೇ ಗೇಮ್ ಮಾಮೂಲಿಯಾಗುತ್ತದೆ. ಏಲಿಯನ್ ಇಲ್ಲದ ಭಾಗಗಳು ಸಪ್ಪೆ ಅನಿಸಲು ಕಾರಣ ಇದೇ.

ಮಾಡುವ ಕೆಲಸಗಳೂ ಒಂದೇ ತರಹ. ಬಾಗಿಲು ತೆರೆಯುವುದಿಲ್ಲ, ಕರೆಂಟ್ ಇಲ್ಲ. ಹೋಗಿ ಜನರೇಟರ್ ಶುರು ಮಾಡು. ಲಿಫ್ಟ್ ಬರುವುದಿಲ್ಲ, ಕಾರ್ಡ್ ಬೇಕು. ಹೋಗಿ ಕಾರ್ಡ್ ತಾ. ಅಮಾಂಡಾ ಎಂಜಿನಿಯರ್ ಆಗಿರುವುದರಿಂದ ಇದು ಕಥೆಗೆ ಹೊಂದುತ್ತದೆ, ಒಪ್ಪೋಣ. ಹತ್ತನೇ ಸಲ ಅದನ್ನೇ ಮಾಡುವಾಗ ಯಾರದೋ ಕೆಲಸಕ್ಕೆ ಓಡಾಡಿದಂತೆ ಆಗುತ್ತದೆ. ಮನುಷ್ಯ ಪಾತ್ರಗಳ ಮುಖದಲ್ಲಿ ಜೀವ ಕಡಿಮೆ. ಏಲಿಯನ್‌ನ ಬಾಲದ ತುದಿಗೆ ಕೊಟ್ಟ ಗಮನವನ್ನು ಈ ಮುಖಗಳಿಗೆ ಕೊಟ್ಟಿಲ್ಲ. ಕೊನೆಯೂ ಗಡಿಬಿಡಿಯಲ್ಲಿ ಮುಗಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಈ ಗೇಮ್ ಆಡಿ ಅಂತಲೇ ಹೇಳುತ್ತೇನೆ. ಹದಿನೆಂಟು ತುಂಬಿದವರಿಗೆ ಮಾತ್ರ, ಯುರೋಪಿನ ವಯಸ್ಸಿನ ಗುರುತೂ 18 ಅಂತಲೇ ಇದೆ. ದುಬಾರಿ ಕಂಪ್ಯೂಟರ್ ಬೇಕಿಲ್ಲ, ಹತ್ತು ವರ್ಷ ದಾಟಿದ ಗೇಮ್ ಇದು. 2021ರ ಡಿಸೆಂಬರ್‌ನಲ್ಲಿ ಫೆರಲ್ ಇಂಟರ್ಯಾಕ್ಟಿವ್ ಎಂಬ ಕಂಪನಿಯವರು ಮೊಬೈಲ್‌ಗೂ ತಂದಿದ್ದಾರೆ. ಮೊಬೈಲ್‌ನಲ್ಲಿ ಆಡುವುದಾದರೆ ಕಿವಿಗೆ ಒಳ್ಳೆ ಇಯರ್‌ಫೋನ್ ಇರಲೇಬೇಕು, ಇಲ್ಲದಿದ್ದರೆ ಅರ್ಧ ಗೇಮ್ ಕೇಳಿಸುವುದೇ ಇಲ್ಲ. ಮೊದಲ ಸಲ ಮಧ್ಯಮ ಹಂತದಲ್ಲಿ ಆಡಿ. ಕಠಿಣ ಹಂತದಲ್ಲಿ ಆಗಲೇ ಹೇಳಿದ ಸಿಟ್ಟು ಬೇಗ ಬರುತ್ತದೆ. ಒಂದು ರಾತ್ರಿಗೆ ಒಂದು ಅಧ್ಯಾಯ ಸಾಕು. ಉದ್ದದ ದೋಷಕ್ಕೆ ನನಗೆ ಸಿಕ್ಕ ಮದ್ದು ಇದೊಂದೇ. 2024ರಲ್ಲಿ, ಗೇಮ್‌ಗೆ ಹತ್ತು ವರ್ಷ ತುಂಬಿದಾಗ, ಎರಡನೇ ಭಾಗದ ಕೆಲಸ ಶುರುವಾಗಿದೆ ಅಂತ ಮಾಡಿದವರೇ ತಿಳಿಸಿದರು. ಅದು ಇದರ ಅರ್ಧದಷ್ಟೇ ಉದ್ದ ಇದ್ದರೆ ನನಗೆ ಖುಷಿ.

ಹೋದ ದೀಪಾವಳಿಗೆ ಹಾವೇರಿಯಿಂದ ಕಾಕಾನ ಮಗ ಬಂದಿದ್ದ. ಅದೇ ಹಳೇ ಕಣ್ಣಾಮುಚ್ಚಾಲೆಯ ತಮ್ಮ, ಈಗ ಅವನಿಗೆ ಇಪ್ಪತ್ತೆಂಟು. ಊಟ ಆದ ಮೇಲೆ ದೀಪ ಆರಿಸಿ, ಹೆಡ್‌ಫೋನ್ ಕೊಟ್ಟು, ಆ ಆಸ್ಪತ್ರೆಯ ಅಧ್ಯಾಯಕ್ಕೇ ಕೂರಿಸಿದೆ. ಹತ್ತು ನಿಮಿಷಕ್ಕೆ ಏಲಿಯನ್ ಬಂತು. ಅವನು ಬೀರುವಿನೊಳಗೆ ಹೊಕ್ಕ. ಬೀರುವಿನಲ್ಲಿದ್ದಾಗ ಅದು ಹತ್ತಿರ ಬಂದರೆ ಹಿಂದೆ ಸರಿದು ಉಸಿರು ಬಿಗಿಹಿಡಿಯಬೇಕು, ಅದಕ್ಕೆ ಬಟನ್ ಇದೆ. ಮೊದಲೇ ಹೇಳಿಕೊಟ್ಟಿದ್ದೆ. ಏಲಿಯನ್ ಬಾಗಿಲ ಸಂದಿಗೆ ಮುಖ ತಂದಿತು. ಪಕ್ಕದಲ್ಲಿ ಕೂತ ನನಗೆ ಇವನ ಉಸಿರೇ ಕೇಳಿಸಲಿಲ್ಲ. ನೋಡಿದರೆ ಕೆನ್ನೆ ಉಬ್ಬಿಸಿಕೊಂಡು ತಾನೇ ಉಸಿರು ಹಿಡಿದು ಕೂತಿದ್ದಾನೆ. ಬೆರಳು ಬಟನ್ ಮೇಲೆ ಇರಲೇ ಇಲ್ಲ.

ಏಲಿಯನ್ ಬಾಗಿಲು ಕಿತ್ತು ಎಳೆದುಕೊಂಡಿತು. ಅವನು ಹೆಡ್‌ಫೋನ್ ತೆಗೆಯಲಿಲ್ಲ. “ತಡಿಯಣ್ಣಾ, ಇನ್ನೊಮ್ಮೆ ಆಡ್ತೀನಿ” ಅಂದ.